ಬಾಂಡೆಡ್ ಉಗ್ರಾಣ (ಭಾರತ)

ಬಾಂಡೆಡ್ ಉಗ್ರಾಣ ಎಂದರೆ ಆಮದಾದ ಸರಕನ್ನು ಸೀಮಾ ಸುಂಕ ಪಾವತಿಸುವ ಮೊದಲೇ ಇಳಿಸಿ ಸಂಗ್ರಹಿಸಿಡಲು ಸೀಮಾ ಸುಂಕ ಇಲಾಖೆಯಿಂದ ಪರವಾನಗಿ ಪಡೆದ ಗೋದಾಮು. ಭಾರತದಲ್ಲಿ ಇಂತಹ ಉಗ್ರಾಣಗಳು 1962ರ ಸೀಮಾ ಸುಂಕ ಕಾಯ್ದೆಯ 9ನೆಯ ಅಧ್ಯಾಯದ ವ್ಯಾಪ್ತಿಗೆ ಬರುತ್ತವೆ.

ವಿಧಗಳು

* ಸಾರ್ವಜನಿಕ ಉಗ್ರಾಣ (ಕಲಂ 57): ಯಾವುದೇ ಆಮದುದಾರರ ಸರಕನ್ನು ಇಡಬಹುದು.
* ಖಾಸಗಿ ಉಗ್ರಾಣ (ಕಲಂ 58): ಪರವಾನಗಿದಾರರು ತಾವು ಆಮದು ಮಾಡಿಕೊಂಡ ಅಥವಾ ತಮ್ಮ ಪರವಾಗಿ ಆಮದಾದ ಸರಕಿಗೆ ಮೀಸಲು.
* ವಿಶೇಷ ಉಗ್ರಾಣ (ಕಲಂ 58ಎ): ಚಿನ್ನ, ಬೆಳ್ಳಿ ಹಾಗೂ ಸುಂಕರಹಿತ ಮಳಿಗೆಗಳ ಸರಕಿನಂತಹ ವಸ್ತುಗಳಿಗೆ. ಇದರ ಬೀಗ ಸುಂಕ ಅಧಿಕಾರಿಯ ವಶದಲ್ಲಿರುತ್ತದೆ.

ಪರವಾನಗಿ

2016ರ ಮೇ ತಿಂಗಳಲ್ಲಿ ಜಾರಿಗೆ ಬಂದ ನಿಯಮಾವಳಿಗಳು ಸಾರ್ವಜನಿಕ ಮತ್ತು ಖಾಸಗಿ ಉಗ್ರಾಣಗಳ ಮೇಲಿದ್ದ ಇಲಾಖೆಯ ನೇರ ಹತೋಟಿಯನ್ನು ತೆಗೆದು, ದಾಖಲೆ ಆಧಾರಿತ ನಿಯಂತ್ರಣವನ್ನು ತಂದವು. ಅರ್ಜಿದಾರರು ಭಾರತೀಯ ಪ್ರಜೆಯಾಗಿರಬೇಕು ಅಥವಾ ಭಾರತದಲ್ಲಿ ನೋಂದಾಯಿತ ಸಂಸ್ಥೆಯಾಗಿರಬೇಕು. ಸರಕಿನ ಮೇಲಿನ ಸುಂಕದ ಮೊತ್ತಕ್ಕೆ ವಿಮೆ ಮಾಡಿಸಬೇಕು. ಅನುಭವಿ ಉಗ್ರಾಣ ಪಾಲಕರನ್ನು ನೇಮಿಸಿ, ಗಣಕೀಕೃತ ಲೆಕ್ಕವನ್ನಿಟ್ಟು, ತಿಂಗಳಿಗೊಮ್ಮೆ ವಿವರ ಸಲ್ಲಿಸಬೇಕು. ಸರಕು ಅಕ್ರಮವಾಗಿ ಹೊರಹೋದರೆ ಸುಂಕ, ಬಡ್ಡಿ ಮತ್ತು ದಂಡದ ಹೊಣೆ ಪರವಾನಗಿದಾರರ ಮೇಲೆ ಬೀಳುತ್ತದೆ.

ಬಾಂಡ್ ಮತ್ತು ಅವಧಿ

ಸರಕು ಇಡುವ ಆಮದುದಾರರು ಸುಂಕದ ಮೂರು ಪಟ್ಟು ಮೊತ್ತಕ್ಕೆ ಬಾಂಡ್ ಬರೆದುಕೊಡಬೇಕು. ಸಾಮಾನ್ಯ ಸರಕಿಗೆ ಒಂದು ವರ್ಷದ ಅವಧಿಯಿದ್ದು, ಅದನ್ನು ವಿಸ್ತರಿಸಲು ಅವಕಾಶವಿದೆ. 90 ದಿನಗಳ ನಂತರ ಸುಂಕದ ಮೇಲೆ ಬಡ್ಡಿ ಸೇರುತ್ತದೆ. ದೇಶದೊಳಗಿನ ಬಳಕೆಗೆ ಬಿಡಿಸಿಕೊಳ್ಳುವಾಗ ಸುಂಕ ಪಾವತಿಸಬೇಕು. ಮರುರಫ್ತು ಮಾಡಿದರೆ ಆಮದು ಸುಂಕ ಕಟ್ಟಬೇಕಾಗಿಲ್ಲ.

ವಿದೇಶಿ ಮಾರಾಟಗಾರರು

ಆಮದಿಗೆ ಆಮದು-ರಫ್ತು ಸಂಕೇತ ಸಂಖ್ಯೆ ಅಗತ್ಯವಾದ್ದರಿಂದ ವಿದೇಶಿ ಮಾರಾಟಗಾರರ ಸರಕು ಸಾಮಾನ್ಯವಾಗಿ ಭಾರತದ ಆಮದುದಾರರ ಹೆಸರಿನಲ್ಲಿ ಉಗ್ರಾಣ ಸೇರುತ್ತದೆ. ಉಗ್ರಾಣದಲ್ಲಿರುವಾಗಲೇ ಒಡೆತನ ಬದಲಾದರೆ ಹೊಸ ಮಾಲೀಕರು ಬಾಂಡ್ ಬರೆದುಕೊಡಬೇಕು. ಬಿಡುಗಡೆಗೆ ಮುಂಚಿನ ಇಂತಹ ಮಾರಾಟವನ್ನು ಜಿಎಸ್‌ಟಿಯಿಂದ ಹೊರಗಿಡಲಾಗಿದೆ.

ಇತರ ಗೋದಾಮುಗಳೊಂದಿಗೆ ವ್ಯತ್ಯಾಸ

ಕಲಬುರಗಿ ನಗರ, ಕಮಲಾಪುರ ಮತ್ತು ಮಹಾಗಾಂವದಂತಹ ತೊಗರಿ ಸೀಮೆಯಲ್ಲಿ ರೈತರ ಬೆಳೆ ಇಡುವ ಗೋದಾಮಿಗೆ ಸುಂಕ ಇಲಾಖೆಯ ಪರವಾನಗಿ ಬೇಕಿಲ್ಲ. ಆದರೆ ರೈತರು ಅಡವಿಟ್ಟು ಸಾಲ ಪಡೆಯಬಹುದಾದ ವರ್ಗಾವಣೀಯ ಉಗ್ರಾಣ ರಸೀದಿ ನೀಡಬೇಕಾದರೆ, 2007ರ ಉಗ್ರಾಣ (ಅಭಿವೃದ್ಧಿ ಮತ್ತು ನಿಯಂತ್ರಣ) ಕಾಯ್ದೆಯಡಿ ನೋಂದಣಿ ಕಡ್ಡಾಯ.

ಮ್ಯಾನ್ಮಾರ್ ಮತ್ತು ಪೂರ್ವ ಆಫ್ರಿಕಾದಿಂದ ಬರುವ ತೊಗರಿ ಇಲ್ಲಿನ ರೈತರ ಬೆಲೆಗೂ ದಾಲ್ ಮಿಲ್‌ಗಳ ಪೂರೈಕೆಗೂ ಸಂಬಂಧಿಸಿದ ವಿಷಯ. ಕೇಂದ್ರ ಸರ್ಕಾರ 2023ರ ಜೂನ್ 2ರಂದು ತೊಗರಿ ಮತ್ತು ಉದ್ದಿಗೆ ದಾಸ್ತಾನು ಮಿತಿ ಹೇರಿದಾಗ, ಆಮದುದಾರರು ಸುಂಕ ಬಿಡುಗಡೆಯ ದಿನದಿಂದ 30 ದಿನಗಳಿಗಿಂತ ಹೆಚ್ಚು ಕಾಲ ಆಮದು ಸರಕನ್ನು ಇಟ್ಟುಕೊಳ್ಳಬಾರದೆಂದು ವಿಧಿಸಿತು. ಗಡುವಿನ ಎಣಿಕೆ ಶುರುವಾದದ್ದು ಹಡಗು ಬಂದ ದಿನದಿಂದಲ್ಲ, ಬಿಡುಗಡೆಯ ದಿನದಿಂದ.