ಹುಲ್ಲಿನಲ್ಲಿ ಮರೆಯಾಗಿದ್ದ ಕುಬ್ಜ ಹಂದಿ

ಕಣ್ಮರೆಯಾದ ಜೀವಿಯೊಂದು ಮರಳಿ ಕಂಡಿತೆಂದರೆ ನಾವು ಸಂತೋಷಪಡುತ್ತೇವೆ. ಆದರೆ ಕಂಡದ್ದೇ ಉಳಿದದ್ದಲ್ಲ ಎಂಬುದಕ್ಕೆ ಅಸ್ಸಾಮಿನ ಕುಬ್ಜ ಹಂದಿಯ ಚರಿತ್ರೆ ಸಾಕ್ಷಿಯಾಗಿದೆ.

ಹಂದಿಯ ಕುಲದಲ್ಲಿ ಇದೇ ಅತ್ಯಂತ ಚಿಕ್ಕದು. ಭುಜದವರೆಗಿನ ಎತ್ತರ ಸುಮಾರು 25 ಸೆಂಟಿಮೀಟರ್. ತೂಕ 10 ಕಿಲೋ ದಾಟುವುದು ವಿರಳ. ಹಿಮಾಲಯದ ತಪ್ಪಲಿನ ತೇವನೆಲದಲ್ಲಿ ಆಳೆತ್ತರ ಬೆಳೆಯುವ ಹುಲ್ಲುಗಾವಲೇ ಇದರ ಮನೆ. ಗಂಡು ಹೆಣ್ಣುಗಳೆರಡೂ ಹುಲ್ಲನ್ನು ಕಚ್ಚಿ ತಂದು ಗೂಡು ಕಟ್ಟಿ ಅದರೊಳಗೆ ಮಲಗುತ್ತವೆ. ನೇಪಾಳದಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಬ್ರಯಾನ್ ಹಾಟನ್ ಹಾಜ್‌ಸನ್ 1847ರಲ್ಲಿ ಇದನ್ನು ಪ್ರಾಣಿಶಾಸ್ತ್ರಕ್ಕೆ ಪರಿಚಯಿಸಿದನು. ಅನಂತರ ಹುಲ್ಲುಗಾವಲುಗಳು ಹೊಲಗಳೂ ಚಹಾತೋಟಗಳೂ ಆಗುತ್ತ ಬಂದಂತೆ ಈ ಹಂದಿಯ ಸುದ್ದಿ ಅಪರೂಪವಾಯಿತು. 1960ರ ದಶಕದ ಹೊತ್ತಿಗೆ ಅದು ಅಳಿದೇಹೋಯಿತೆಂದು ಹಲವು ಪ್ರಾಣಿತಜ್ಞರು ಭಾವಿಸಿದರು.

1971ರಲ್ಲಿ, ಭೂತಾನದ ಗಡಿಗೆ ಸಮೀಪದ ಬರ್ನದಿ ಪ್ರದೇಶದಲ್ಲಿ ಒಣಹುಲ್ಲಿಗೆ ಬೆಂಕಿ ಬಿದ್ದಿತು. ಪ್ರಾಣಭಯದಿಂದ ಓಡಿದ ಕೆಲವು ಹಂದಿಗಳು ಪಕ್ಕದ ಚಹಾತೋಟವನ್ನು ಹೊಕ್ಕು ಜನರ ಕೈಗೆ ಸಿಕ್ಕವು. ಸಂತೆಯಲ್ಲಿ ಮಾರಾಟಕ್ಕೆ ಬಂದ ಈ ಪ್ರಾಣಿಗಳ ಮಹತ್ವವನ್ನು ಅರಿತವರು ಚಹಾತೋಟದವರು. ಹೀಗೆ ಪಂಡಿತರ ಗ್ರಂಥದಲ್ಲಿ ಅಳಿದಿದ್ದ ಜೀವಿ ಜೀವಂತವಾಗಿ ಕಾಣಿಸಿತು. ನಾವು ನೆನೆಯಬೇಕಾದುದೇನೆಂದರೆ, ಅಲ್ಲಿನ ಅಸ್ಸಾಮಿ ಮತ್ತು ಬೋಡೋ ಜನರ ಮಾತಿನಲ್ಲಿ ಇದಕ್ಕೆ ತಮ್ಮದೇ ಹೆಸರುಗಳಿದ್ದವು. ದಾಖಲೆಯಲ್ಲಿ ಇಲ್ಲದ್ದೆಲ್ಲ ಲೋಕದಲ್ಲಿ ಇಲ್ಲವೆಂದಲ್ಲ. ಗಡಿಯಾಚೆ ಕನ್ನಡವನ್ನಾಡುತ್ತ ಬಂದಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1980ರಲ್ಲಿ ಬರ್ನದಿ ವನ್ಯಜೀವಿಧಾಮವಾಯಿತು. ಆದರೂ ವರ್ಷವರ್ಷವೂ ಹುಲ್ಲಿಗಿಡುವ ಬೆಂಕಿ, ದನಗಳ ಮೇಯಿಸುವಿಕೆ, ನೆಲದ ಒತ್ತುವರಿ ನಿಲ್ಲಲಿಲ್ಲ. ಯಾವ ನೆಲದಲ್ಲಿ ಹಂದಿ ಮರಳಿ ಕಂಡಿತೋ ಅದೇ ನೆಲದಿಂದ ಅದು ಮತ್ತೆ ಮರೆಯಾಯಿತು. ಶತಮಾನದ ಕೊನೆಗೆ ಖಚಿತವಾದ ನೆಲೆಯಾಗಿ ಉಳಿದದ್ದು ಮಾನಸ್ ಒಂದೇ. ಈ ಹಂದಿಯ ಮೈಮೇಲಷ್ಟೇ ಬದುಕುವ ಹೇನಿನ ಜಾತಿಯೊಂದಿದೆ. ಹಂದಿ ಅಳಿದರೆ ಅದಕ್ಕೂ ಉಳಿವಿಲ್ಲ.

1996ರಲ್ಲಿ ಮಾನಸ್‌ನಿಂದ ಆರು ಹಂದಿಗಳನ್ನು ಹಿಡಿದು ಗುವಾಹಾಟಿಯ ಬಸಿಷ್ಠದಲ್ಲಿ ಸಾಕಲಾಯಿತು. ಜೆರಾಲ್ಡ್ ಡರೆಲ್ ಜರ್ಸಿ ದ್ವೀಪದಲ್ಲಿ ಸ್ಥಾಪಿಸಿದ್ದ ಸಂಸ್ಥೆಯೂ ಅಸ್ಸಾಮಿನ ಅರಣ್ಯ ಇಲಾಖೆಯೂ ಈ ಕಾರ್ಯದಲ್ಲಿ ಕೈಜೋಡಿಸಿದವು. ಅಲ್ಲಿ ಸಂತಾನ ಬೆಳೆಯಿತು. 2008ರಲ್ಲಿ 16 ಹಂದಿಗಳನ್ನು ಸೋನಾಯ್ ರೂಪಾಯ್ ಅರಣ್ಯಕ್ಕೆ ಬಿಟ್ಟರು. ಮುಂದೆ ಒರಾಂಗ್ ಅರಣ್ಯಕ್ಕೂ, 2016ರಲ್ಲಿ ಬರ್ನದಿಗೂ ಹಂದಿಗಳು ಹೋದವು.

ಬಿಟ್ಟ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಒಣಹವೆಯ ತಿಂಗಳುಗಳಲ್ಲಿ ಯಾವ ಹುಲ್ಲನ್ನು ಸುಡಬೇಕು, ಯಾವುದನ್ನು ಉಳಿಸಬೇಕು ಎಂಬುದನ್ನು ಅರಣ್ಯದವರು ಪ್ರತಿವರ್ಷವೂ ನಿರ್ಧರಿಸಬೇಕಾಗಿದೆ. 1971ರಲ್ಲಿ ಹಂದಿಯನ್ನು ತೋರಿಸಿಕೊಟ್ಟದ್ದು ಬೆಂಕಿ. ಅದನ್ನು ಅಳಿಸಬಲ್ಲುದೂ ಅದೇ ಬೆಂಕಿ. ಕಂಡುಹಿಡಿಯಲು ಒಂದು ದಿನದ ಅದೃಷ್ಟ ಸಾಕು, ಕಾಯಲು ತಲೆಮಾರುಗಳ ತಾಳ್ಮೆ ಬೇಕು.