ಹೋಟೆಲ್ ಬೀಗಕ್ಕೆ ಮರೆಯೋದನ್ನ ಕಲಿಸಿದ ಕಾರ್ಡ್

ಕಳೆದ ತಿಂಗಳು ಒಬ್ಬಳೇ ಒಂದು ಊರಿಗೆ ಹೋಗಿದ್ದೆ. ಹೋಟೆಲ್‌ನಲ್ಲಿ ಕೀ ಕೊಡಲಿಲ್ಲ, ಕಾರ್ಡೂ ಕೊಡಲಿಲ್ಲ. "ಆಪ್ ಹಾಕ್ಕೊಳ್ಳಿ ಮೇಡಂ, ಫೋನೇ ನಿಮ್ಮ ಕೀ" ಅಂದ್ರು. ರಾತ್ರಿ ಊಟ ಮುಗಿಸಿ ಬರೋ ಹೊತ್ತಿಗೆ ಫೋನ್ ಸ್ವಿಚ್ ಆಫ್! ಕೆಳಗೆ ಕೂತು ಚಾರ್ಜ್ ಮಾಡ್ತಿದ್ದಾಗ ತಲೆಗೆ ಬಂದ ಪ್ರಶ್ನೆ ಇದು: ಚೆನ್ನಾಗೇ ಇದ್ದ ಲೋಹದ ಕೀ ಬಿಟ್ಟು ನಾವು ಇಲ್ಲಿಗೆ ಯಾಕೆ ಬಂದ್ವಿ?

ನಮ್ಮ ಲಾಡ್ಜ್‌ಗಳ ಕೀ ನೆನಪಿದೆಯಲ್ವಾ? ರೂಮ್ ನಂಬರ್ ಬರೆದ ದಪ್ಪ ಮರದ ತುಂಡು, ಅದಕ್ಕೆ ಜೋತುಬಿದ್ದ ಕೀ. ಮರೆತು ಜೇಬಲ್ಲಿ ಹಾಕ್ಕೊಂಡು ಹೋಗಬಾರದು ಅಂತ ಆ ಗಾತ್ರ. ಆದರೆ ಯಾರಾದರೂ ಬೇಕಂತಲೇ ನಕಲಿ ಕೀ ಮಾಡಿಸಿಕೊಂಡರೆ? ಬೀಗ ಬದಲಾಯಿಸುವವರೆಗೂ ಅದು ಕೆಲಸ ಮಾಡುತ್ತೆ. ಹಳೆಯ ಬೀಗಕ್ಕೆ ಹಳೆಯ ಅತಿಥಿಯನ್ನು ಮರೆಯೋಕೆ ಬರಲ್ಲ.

1974ರ ನವೆಂಬರ್. ಅಮೆರಿಕದ ಪ್ರಸಿದ್ಧ ಗಾಯಕಿ ಕಾನಿ ಫ್ರಾನ್ಸಿಸ್ ನ್ಯೂಯಾರ್ಕ್ ರಾಜ್ಯದ ಒಂದು ಮೋಟೆಲ್‌ನಲ್ಲಿ ತಂಗಿದ್ದರು. ಒಬ್ಬ ಒಳನುಗ್ಗಿ ಅವರ ಮೇಲೆ ಭೀಕರ ದಾಳಿ ಮಾಡಿದ. ಬಾಗಿಲಿನ ಭದ್ರತೆ ಸರಿಯಿರಲಿಲ್ಲ ಅಂತ ಅವರು ಕೋರ್ಟಿಗೆ ಹೋದರು. 1976ರಲ್ಲಿ ಜ್ಯೂರಿ 25 ಲಕ್ಷ ಡಾಲರ್ ಪರಿಹಾರ ಘೋಷಿಸಿತು. ರೂಮಿನ ಸುರಕ್ಷತೆ ಹೋಟೆಲಿನ ಹೊಣೆ ಅನ್ನೋದು ಇಡೀ ಉದ್ಯಮಕ್ಕೆ ಬಿಸಿ ಮುಟ್ಟಿಸಿದ್ದು ಆಗ.

ಈ ದಾಳಿಯ ಸುದ್ದಿಯೇ ನಾರ್ವೆಯ ಟೋರ್ ಸೋರ್ನೆಸ್ ಅವರನ್ನ ಕೆಲಸಕ್ಕೆ ಹಚ್ಚಿತು ಅಂತಾರೆ. ಅವರು ಮಾಡಿದ್ದು ತೂತುಗಳಿರೋ ಒಂದು ಪ್ಲಾಸ್ಟಿಕ್ ಕಾರ್ಡ್. ಅದರಲ್ಲಿ 32 ಜಾಗ. ಪ್ರತಿ ಜಾಗದಲ್ಲೂ ತೂತು ಇರಬಹುದು, ಇಲ್ಲದಿರಬಹುದು. ಲೆಕ್ಕ ಹಾಕಿ: 429 ಕೋಟಿಗೂ ಹೆಚ್ಚು ಬೇರೆ ಬೇರೆ ಕೀಗಳು! ಹೊಸ ಅತಿಥಿ ಬಂದರೆ ಹೊಸ ಕಾರ್ಡ್. ಹಳೆಯದು ಬರೀ ಪ್ಲಾಸ್ಟಿಕ್. ಮೊದಲ ಸಲ ಬೀಗ ಮರೆಯೋದನ್ನ ಕಲಿತಿತ್ತು.

ಆಮೇಲೆ ಕಾಂತೀಯ ಪಟ್ಟಿಯ ಕಾರ್ಡ್ ಬಂತು, ಮುಟ್ಟಿಸಿದರೆ ತೆರೆಯೋ ಕಾರ್ಡ್ ಬಂತು. 2014ರಲ್ಲಿ ಸ್ಟಾರ್‌ವುಡ್ ಕಂಪನಿ ಅಮೆರಿಕದ ತನ್ನ ಎರಡು ಹೋಟೆಲ್‌ಗಳಲ್ಲಿ ಫೋನನ್ನೇ ಕೀ ಮಾಡಿತು.

ಆದರೆ ಮರೆಸೋ ಅಧಿಕಾರ ಯಾರ ಕೈಲಿದೆ? 2017ರ ಜನವರಿಯಲ್ಲಿ ಆಸ್ಟ್ರಿಯಾದ ಬೆಟ್ಟದ ಮೇಲಿನ ಒಂದು ಹೋಟೆಲ್ ಸುದ್ದಿಯಾಯಿತು. ಹ್ಯಾಕರ್‌ಗಳು ಅದರ ಕಂಪ್ಯೂಟರ್ ಹಿಡಿದಿಟ್ಟುಕೊಂಡಿದ್ದರು. ಅತಿಥಿಗಳು ರೂಮಲ್ಲೇ ಬಂಧಿಯಾದರು ಅನ್ನೋ ಸುದ್ದಿ ಹಬ್ಬಿದ್ದು ಸುಳ್ಳು. ಆದರೆ ಹೊಸ ಕಾರ್ಡ್ ಮಾಡೋಕೆ ಆಗ್ತಿರಲಿಲ್ಲ. ಸುಮಾರು 1,500 ಯೂರೋ ಬೆಲೆಯ ಬಿಟ್‌ಕಾಯಿನ್ ಕೊಟ್ಟ ಮಾಲೀಕರು, ಮುಂದೆ ಹಳೇ ಲೋಹದ ಕೀಗೇ ವಾಪಸ್ ಹೋಗ್ತೀವಿ ಅಂದರು.

ನಾನು ಹಾಗನ್ನಲ್ಲ. ನನಗಿಂತ ಮುಂಚೆ ಆ ರೂಮಲ್ಲಿದ್ದವರ ಕೀ ಸತ್ತಿದೆ ಅನ್ನೋದೇ ನನಗೆ ದೊಡ್ಡ ಧೈರ್ಯ. ಆದರೆ ಈಗ ಚೆಕ್ ಇನ್ ಮಾಡುವಾಗ ಎರಡು ಪ್ರಶ್ನೆ ಕೇಳ್ತೀನಿ: ಫೋನ್ ಸತ್ತರೆ ಏನು ಮಾಡೋದು? ಈ ಬಾಗಿಲನ್ನ ಇನ್ಯಾರು ತೆರೀಬಹುದು? ರೂಮಿಗೆ ಹೋದ ತಕ್ಷಣ ಒಳಗಿನ ಚಿಲಕ ಹಾಕ್ತೀನಿ. ಅದಕ್ಕೆ ಆಪ್ ಬೇಡ, ಚಾರ್ಜೂ ಬೇಡ.