ಗೋಪುರಗ್ರಾಮದ ಗುಡಿಯೂ ಶರಣರ ಮಂಟಪವೂ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ಎಡೆದೊರೆ ನಾಡು ಕನ್ನಡಿಗರ ಇತಿಹಾಸದಲ್ಲಿ ಪ್ರಸಿದ್ಧವಾದುದು. ಈ ನಾಡಿನ ದೇವದುರ್ಗ ತಾಲೂಕಿಗೆ ಸೇರಿದ ಗಬ್ಬೂರು ಪೂರ್ವದಲ್ಲಿ ಗೋಪುರಗ್ರಾಮವೆಂದು ಹೆಸರಾಗಿದ್ದಿತು. ಮಲೆಶಂಕರ, ವೆಂಕಟೇಶ್ವರ, ಏಳುಬಾವಿ ಬಸವಣ್ಣ, ಬಂಗಾರ ಬಸಪ್ಪ ಮೊದಲಾದ ದೇವಾಲಯಗಳೂ ಹಲವು ಶಿಲಾಶಾಸನಗಳೂ ಊರಿನ ಗತವೈಭವಕ್ಕೆ ಸಾಕ್ಷಿಯಾಗಿವೆ. ಚಾಲುಕ್ಯ ಶೈಲಿಯ ಮಲೆಶಂಕರ ದೇವಾಲಯದ ಒಂದು ಬಾಗಿಲಿನ ಇಕ್ಕೆಲಗಳಲ್ಲಿ ಕಲ್ಲಿನ ಆನೆಗಳು ನಿಂತಿವೆ. ಆ ಬಾಗಿಲಿನ ಮುಂದೆ ನಿಂತವರಲ್ಲಿ ಒಂದು ಪ್ರಶ್ನೆ ಏಳದಿರದು: ಈ ಹೊಸ್ತಿಲನ್ನು ದಾಟುವ ಅಧಿಕಾರ ಅಂದು ಯಾರಿಗಿದ್ದಿತು?

ಮಧ್ಯಯುಗದ ದೇವಾಲಯವು ಕೇವಲ ಪೂಜಾಸ್ಥಾನವಾಗಿರಲಿಲ್ಲ. ಭೂದಾನ ಪಡೆದ ಸಂಸ್ಥೆಯಾಗಿ, ವಿದ್ಯೆಗೂ ಕಲೆಗೂ ಆಶ್ರಯವಾಗಿ, ಊರಿನ ವ್ಯವಹಾರಕ್ಕೆ ಕೇಂದ್ರವಾಗಿ ಅದು ಬೆಳೆದಿತ್ತು. ಗಬ್ಬೂರೂ ಹಿಂದೆ ವಿದ್ಯಾಕೇಂದ್ರವಾಗಿತ್ತೆಂದು ಪ್ರತೀತಿಯಿದೆ. ಆದರೆ ದಾನಶಾಸನಗಳು ದಾನಿಯ ಹೆಸರನ್ನೂ ಪ್ರತಿಗ್ರಾಹಿಯ ಹೆಸರನ್ನೂ ಹೇಳುವಷ್ಟು ವಿವರವಾಗಿ, ದೇವರ ಹೊಲವನ್ನು ಉತ್ತವನ ಮಾತನ್ನು ಹೇಳುವುದಿಲ್ಲ. ದುಡಿದು ಗುಡಿಯನ್ನು ನಿಲ್ಲಿಸಿದವರಲ್ಲಿ ಅನೇಕರಿಗೆ ಅದರ ಒಳಗೆ ಎಡೆಯಿರಲಿಲ್ಲ.

ಹನ್ನೆರಡನೆಯ ಶತಮಾನದ ಶರಣರು ಈ ವ್ಯವಸ್ಥೆಗೆ ಎರಡು ಬಗೆಯ ಉತ್ತರವಿತ್ತರು. ಇಷ್ಟಲಿಂಗವನ್ನು ಅಂಗೈಗೆ ತಂದು, ದೇವರಿಗೂ ಭಕ್ತನಿಗೂ ನಡುವಿದ್ದ ಹೊಸ್ತಿಲನ್ನೇ ಇಲ್ಲವಾಗಿಸಿದ್ದು ಮೊದಲನೆಯದು. ಅನುಭವ ಮಂಟಪವು ಎರಡನೆಯದು. ಮಂಟಪವು ಒಂದು ಕಟ್ಟಡವಾಗಿತ್ತೋ ಶರಣರ ಗೋಷ್ಠಿಯಾಗಿತ್ತೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವುಂಟು. ಆದರೆ ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ ಮೊದಲಾದ ಕಾಯಕಜೀವಿಗಳ ಮಾತಿಗೆ ಅಲ್ಲಿ ಬೆಲೆಯಿತ್ತೆಂಬುದನ್ನು ಅವರ ವಚನಗಳೇ ಸಾರುತ್ತವೆ. ಎಡೆಯನ್ನು ನಿರ್ಮಿಸುವುದು ಕಲ್ಲಲ್ಲ, ಕರೆದು ಕುಳ್ಳಿರಿಸುವ ಮನಸ್ಸು.

ಈ ಮಾತಿಗೆ ನಮ್ಮ ಜಿಲ್ಲೆಯಲ್ಲೇ ನಿದರ್ಶನವಿದೆ. ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳು ಲಿಂಗಸೂಗೂರು ತಾಲೂಕಿನ ಅಮರೇಶ್ವರದವರು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದೇ ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಇದು ನಮ್ಮ ಕಾಯಕಕ್ಕೆ ಸಲ್ಲದ ಆಸೆಯೆಂದು ಲಕ್ಕಮ್ಮ ಅದನ್ನು ಹಿಂದಿರುಗಿಸಲು ಹೇಳಿದಳೆಂಬ ಕಥೆ ಪ್ರಸಿದ್ಧವಾದುದು. ಬಡವಿಯಾದ ಹೆಣ್ಣುಮಗಳೊಬ್ಬಳು ಪತಿಗೆ ತಿಳಿಹೇಳುವ ಗುರುವಾದಳು. ಅಂಥ ಎಡೆಯನ್ನು ಲೋಕವು ಸುಮ್ಮನೆ ಬಿಟ್ಟುಕೊಡಲಿಲ್ಲ. ಹರಳಯ್ಯ ಮಧುವರಸರ ಮನೆಗಳ ನಡುವಣ ಮದುವೆಯ ನಿಮಿತ್ತ ಕಲ್ಯಾಣದಲ್ಲಿ ರಕ್ತ ಹರಿಯಿತು. ಶರಣರು ದಿಕ್ಕುದಿಕ್ಕಿಗೆ ಚದುರಿದರು.

ಮುಂದೆ ಈ ನಾಡಿನಲ್ಲಿ ಎಡೆ ಕಳೆದುಕೊಳ್ಳುವ ಸರದಿ ಕನ್ನಡಕ್ಕೇ ಬಂದಿತು. ನಿಜಾಮ ಸಂಸ್ಥಾನದ ಆಡಳಿತದಲ್ಲಿಯೂ ಉನ್ನತ ಶಿಕ್ಷಣದಲ್ಲಿಯೂ ಉರ್ದುವಿಗೆ ಪ್ರಾಧಾನ್ಯವಿತ್ತು. ಅಂಥ ಕಾಲದಲ್ಲಿ ಪಂಡಿತ ತಾರಾನಾಥರು ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆಯನ್ನು ಸ್ಥಾಪಿಸಿದರು. 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ರಾಯಚೂರಿನಲ್ಲಿಯೇ ಕನ್ನಡ ಸಾಹಿತ್ಯ ಸಮ್ಮೇಳನ ಜರುಗಿತು. 1948ರ ವಿಮೋಚನೆ, 1956ರ ಏಕೀಕರಣಗಳಿಂದ ಭಾಷೆಗೆ ತನ್ನ ಎಡೆ ದೊರೆಯಿತು. ತನ್ನ ನೆಲದಲ್ಲಿಯೇ ಪರಕೀಯನಾಗುವುದು ಎಂತಹ ನೋವೆಂಬುದನ್ನು ಈ ಭಾಗದ ಕನ್ನಡಿಗನಿಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ.

ಆ ನೋವನ್ನು ಬಲ್ಲ ನಾವು ಇತರರ ನೋವನ್ನು ಬಲ್ಲೆವೇ? ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. 1955ರ ಕಾಯಿದೆ ಅದರ ಆಚರಣೆಯನ್ನು ದಂಡನೀಯ ಅಪರಾಧವನ್ನಾಗಿಸಿತು. ಕಾನೂನು ಬಾಗಿಲನ್ನು ತೆರೆಯಬಲ್ಲುದು. ಒಳಗೆ ಬಂದವರನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಳ್ಳುವುದು ಮಾತ್ರ ನಮ್ಮ ಕರ್ತವ್ಯ. ನಮ್ಮ ಮಠಗಳು ದಾಸೋಹದಿಂದಲೂ ಉಚಿತ ಪ್ರಸಾದನಿಲಯಗಳಿಂದಲೂ ಸಾವಿರಾರು ಬಡಮಕ್ಕಳಿಗೆ ಅನ್ನ ಮತ್ತು ಅಕ್ಷರವನ್ನಿತ್ತಿವೆ. ಅದು ಹೆಮ್ಮೆಯ ಸಂಗತಿ. ಆದರೂ ಶರಣರ ಹೆಸರು ಹೇಳುವ ನಮ್ಮಲ್ಲಿಯೇ ಒಳಪಂಗಡಗಳ ಗೋಡೆಗಳು ಉಳಿದಿರುವುದನ್ನು ಮರೆಮಾಚಬಾರದು. ಪಂಕ್ತಿಯಲ್ಲಿ ಯಾರು ಕುಳಿತಿದ್ದಾರೆಂದು ನೋಡಿ ತೃಪ್ತರಾಗುವ ಮುನ್ನ, ಹೊಸ್ತಿಲಾಚೆ ಯಾರು ನಿಂತಿದ್ದಾರೆಂದು ನೋಡಬೇಕು. ಗಬ್ಬೂರಿನ ಕಲ್ಲಾನೆಗಳು ಬಾಗಿಲನ್ನು ಕಾಯುತ್ತ ನಿಂತಿರಲಿ. ನಮ್ಮ ಮನಸ್ಸಿನ ಬಾಗಿಲಿಗೆ ಅಂಥ ಕಾವಲು ಬೇಡ.